ಇಖಾಮದ ಬೆಲೆ ಕಟ್ಟುವವರು ಯಾರು?

ವೀಸಾ ಕಾನೂನು ಬಿಗಿಯಾದಷ್ಟೂ ಲಾಭ ಮಧ್ಯವರ್ತಿಗೆ, ನಷ್ಟ ಮನೆಗೆ. ಸೌದಿಯ ಇತ್ತೀಚಿನ ವರ್ಷಗಳ ಅನುಭವ ನಮಗೆ ಹೇಳುವುದೇನು?

ಮದರಸದ ಮಕ್ಕಳಿಗೆ ‘ಇಖಾಮತ್’ ಅಂದರೆ ಫರ್ಳ್ ನಮಾಝಿಗೆ ಸಫ್ಫ್ ಕಟ್ಟಿ ನಿಲ್ಲುವ ಮೊದಲು ಕೊಡುವ ಕರೆ. ಅದೇ ಮಕ್ಕಳ ಮನೆಯಲ್ಲಿ ‘ಇಖಾಮ’ ಅಂದರೆ ಸೌದಿಯಲ್ಲಿರುವ ಉಪ್ಪನ ಕಿಸೆಯ ಕಾರ್ಡು. ಮೂಲದಲ್ಲಿ ಎರಡೂ ಒಂದೇ ಅರಬಿ ಪದ. “ಇಖಾಮ ರಿನೀವಲ್ ಆಯಿತಾ?” ಎಂದು ಉಮ್ಮ ಫೋನಿನಲ್ಲಿ ಕೇಳುವಾಗ ನಾಲ್ಕನೇ ಕ್ಲಾಸಿನ ಮಗುವಿಗೂ ಅದರ ಅರ್ಥ ಗೊತ್ತಾಗುತ್ತದೆ. ರಿನೀವಲ್ ಆಗದಿದ್ದರೆ ಈ ರಮಝಾನಿಗೂ ಉಪ್ಪ ಬರುವುದಿಲ್ಲ. ಮನೆಯ ಕೆಲಸ ಅರ್ಧದಲ್ಲಿ ನಿಲ್ಲುತ್ತದೆ. ತಂಗಿಯ ಮದುವೆಯ ದಿನ ಮುಂದೆ ಹೋಗುತ್ತದೆ.

ಯಾವ ದೇಶಕ್ಕೆ ಯಾರು ಬರಬೇಕು, ಎಷ್ಟು ದಿನ ಇರಬೇಕು ಎಂದು ನಿಯಮ ಮಾಡುವ ಹಕ್ಕು ಆ ದೇಶಕ್ಕೆ ಉಂಟು. ಅದರ ಬಗ್ಗೆ ತಕರಾರು ಇಲ್ಲ. ತನ್ನ ಊರಿನ ಯುವಕರಿಗೆ ಮೊದಲು ಕೆಲಸ ಕೊಡಬೇಕೆಂದು ಸರಕಾರವೊಂದು ಬಯಸಿದರೆ ಅದೂ ನ್ಯಾಯವೇ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ನಿಯಮ ಬಿಗಿ ಮಾಡಿದಾಗ ಅದರ ಖರ್ಚು ಯಾರ ತಲೆಗೆ ಬರುತ್ತದೆ? ಯಾವ ಉದ್ದೇಶಕ್ಕೆ ಬಿಗಿ ಮಾಡಿದರೋ ಆ ಉದ್ದೇಶ ಈಡೇರಿತಾ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾವು ಅಮೆರಿಕ, ಯುರೋಪುಗಳ ಕಡೆಗೆ ನೋಡಬೇಕಾಗಿಲ್ಲ. ಜಿದ್ದಾ, ರಿಯಾದ್, ದಮ್ಮಾಮ್, ಜುಬೈಲ್‌ಗಳಲ್ಲಿ ನಮ್ಮವರ ಮೇಲೆಯೇ ನಡೆದು ಹೋದ ಸಂಗತಿಗಳು ಸಾಕು.

ಕಫೀಲ್ ಎಂದರೆ ಹೊಣೆ ಹೊತ್ತವನು

ಫಿಕ್‌ಹ್ ಕಿತಾಬುಗಳಲ್ಲಿ ‘ಕಫಾಲ’ ಎಂದರೆ ಜಾಮೀನು. ಒಬ್ಬನ ಸಾಲಕ್ಕೋ ಹಾಜರಿಗೋ ಇನ್ನೊಬ್ಬ ಹೊಣೆ ಹೊರುವುದು. ಯತೀಮ್ ಮಗುವಿನ ಪಾಲನೆಯ ಹೊಣೆ ಹೊರುವವನಿಗೂ ಇದೇ ಹೆಸರು, ಅವನಿಗೆ ಎಷ್ಟು ದೊಡ್ಡ ಸ್ಥಾನ ಉಂಟು ಎಂಬುದು ಮದರಸದ ಮಕ್ಕಳಿಗೂ ಗೊತ್ತು. ಅಂದರೆ ಕಫೀಲ್ ಭಾರ ಹೊರಬೇಕಾದವನು.

ಗಲ್ಫಿನ ವಲಸೆ ಕಾನೂನಿನಲ್ಲಿ ಈ ಪದ ತಲೆಕೆಳಗಾಯಿತು. ಅಲ್ಲಿ ಕಾರ್ಮಿಕನ ವೀಸಾ, ಇಖಾಮ, ರಜೆಯ ರೀ ಎಂಟ್ರಿ, ಕೊನೆಗೆ ಊರಿಗೆ ಮರಳುವ ಖುರೂಜ್ ಎಲ್ಲವೂ ಇದ್ದದ್ದು ಒಬ್ಬ ಕಫೀಲ್‌ನ ಕೈಯಲ್ಲಿ. ಸಂಬಳ ಕಡಿಮೆ ಎಂದು ಬೇರೆ ಕಡೆ ಸೇರುವಂತಿರಲಿಲ್ಲ. ಸಂಬಳವೇ ಬರಲಿಲ್ಲ ಎಂದು ಬಿಟ್ಟು ಹೊರಟರೆ ಕಫೀಲ್ ‘ಹುರೂಬ್’ ಹಾಕಬಹುದು. ಓಡಿಹೋದವನು ಎಂದು ದಾಖಲೆಯಲ್ಲಿ ಬರೆಸುವುದು ಅದು. ಹುರೂಬ್ ಬಿದ್ದ ಮೇಲೆ ಇಖಾಮ ನಡೆಯುವುದಿಲ್ಲ, ಬ್ಯಾಂಕು ನಡೆಯುವುದಿಲ್ಲ, ಸಿಕ್ಕಿಬಿದ್ದರೆ ತರ್‌ಹೀಲ್‌ಗೆ ಹೋಗಬೇಕು. ಸಂಬಳ ಬಾಕಿ ಇಟ್ಟವನು ಮನೆಯಲ್ಲಿ, ಕೇಳಿದವನು ಕಂಬಿಯ ಹಿಂದೆ. ಕೂಲಿಯನ್ನು ತಡಮಾಡದೆ ಕೊಡಬೇಕೆಂಬ ನಬಿವಚನವನ್ನು ಕಲಿತ ಸಮುದಾಯದ ನಡುವೆಯೇ ಇದು ನಡೆಯುತ್ತಾ ಬಂತು.

ಇಷ್ಟು ಬಿಗಿ ಇದ್ದಲ್ಲಿ ಕಳ್ಳದಾರಿ ಹುಟ್ಟದೆ ಇರುತ್ತದಾ? ಹುಟ್ಟಿತು. ಅದಕ್ಕೆ ನಮ್ಮವರು ಇಟ್ಟ ಹೆಸರು ‘ಫ್ರೀ ವೀಸಾ’. ಹೆಸರು ಮಾತ್ರ ಫ್ರೀ. ಯಾರೋ ಒಬ್ಬನ ಹೆಸರಲ್ಲಿ ವೀಸಾ ತೆಗೆಯುವುದು, ಅವನಲ್ಲಿ ಕೆಲಸವೇ ಇಲ್ಲ. ಹುಡುಗ ಹೊರಗೆ ಎಲ್ಲಾದರೂ ದುಡಿದು, ಇಖಾಮ ನವೀಕರಣದ ಹೊತ್ತಿಗೆ ಕಫೀಲ್‌ಗೆ ಇಷ್ಟು ಸಾವಿರ ರಿಯಾಲ್ ಎಂದು ಒಪ್ಪಿಸಬೇಕು. ವೀಸಾ ಮಾರುವುದು ಸೌದಿಯ ಕಾನೂನಿನಲ್ಲೂ ಅಪರಾಧ. ಆದರೂ ಮಾರಾಟ ನಡೆಯಿತು. ಅಲ್ಲಿಯ ಕಫೀಲ್‌ನಿಂದ ಇಲ್ಲಿಯ ಮನೆಯ ತನಕ ಬರುವಾಗ ಆ ಕಾಗದ ಮೂರು ನಾಲ್ಕು ಕೈ ದಾಟುತ್ತದೆ, ಪ್ರತಿ ಕೈಯಲ್ಲೂ ಬೆಲೆ ಏರುತ್ತದೆ. ಉಮ್ಮನ ಬಳೆ, ಹೆಂಡತಿಯ ಮದುವೆಯ ಚಿನ್ನ, ಮನೆಯಡಿಯ ಐದು ಸೆಂಟ್ಸಿನ ಮೇಲಿನ ಸಾಲ ಎಲ್ಲ ಅದಕ್ಕೆ ಹೋಗುತ್ತದೆ. ಹೇಳಲು ಬೇಸರವಾದರೂ ಹೇಳಬೇಕು, ಮಧ್ಯದ ಆ ಕೈಗಳಲ್ಲಿ ಒಂದಾದರೂ ಹೆಚ್ಚಾಗಿ ನಮ್ಮವರದ್ದೇ. ನೆಂಟನೋ, ಪಕ್ಕದ ಊರಿನವನೋ ಆಗಿರುತ್ತಾನೆ.

2013ರ ನಿತಾಖಾತ್

2011ರಲ್ಲಿ ಸೌದಿ ಸರಕಾರ ‘ನಿತಾಖಾತ್’ ತಂದಿತು. ಕಂಪೆನಿಯಲ್ಲಿ ಎಷ್ಟು ಮಂದಿ ಸೌದಿಗಳಿದ್ದಾರೆ ಎಂದು ನೋಡಿ ಅದಕ್ಕೆ ಹಸಿರು, ಹಳದಿ, ಕೆಂಪು ಎಂದು ಬಣ್ಣ ಕೊಡುವ ಕ್ರಮ. ಕೆಂಪಿಗೆ ಬಿದ್ದ ಕಂಪೆನಿಯ ಕಾರ್ಮಿಕರ ಇಖಾಮ ನವೀಕರಣ ಆಗುವುದಿಲ್ಲ. 2013ರ ಮಾರ್ಚಿನಲ್ಲಿ ಕಫೀಲ್ ಬಿಟ್ಟು ಬೇರೆಯವರಲ್ಲಿ ದುಡಿಯುವವರ ಮೇಲೂ ಕಾನೂನು ಬಿಗಿಯಾಯಿತು. ಅಂಗಡಿ, ಹೋಟೆಲು, ವರ್ಕ್‌ಶಾಪುಗಳ ಮೇಲೆ ದಾಳಿ ಶುರುವಾಯಿತು. ಎಪ್ರಿಲಿನಲ್ಲಿ ಅಬ್ದುಲ್ಲ ರಾಜರು ಮೂರು ತಿಂಗಳ ಅವಕಾಶ ಕೊಟ್ಟರು, ಮತ್ತೆ ಅದು ನವೆಂಬರ್ 3ರ ತನಕ ಮುಂದುವರಿಯಿತು.

ಆ ತಿಂಗಳುಗಳಲ್ಲಿ ಭಾರತದ ರಾಯಭಾರ ಕಚೇರಿಯ ಎದುರಿನ ಸಾಲು, ಜವಾಝಾತ್‌ನ ಎದುರಿನ ಸಾಲು ನೆನಪಿರುವವರು ನಮ್ಮ ಪ್ರತಿಯೊಂದು ಮಹಲ್ಲಿನಲ್ಲೂ ಸಿಗುತ್ತಾರೆ. ಕೆಲವರು ಕಂಪೆನಿ ಬದಲಿಸಿ ಉಳಿದರು. ಕೆಲವರು ಒಂದು ಚೀಲ ಹಿಡಿದು ಬಜ್ಪೆಯಲ್ಲಿ ಇಳಿದರು. ಬಕಾಲ ನಡೆಸುತ್ತಿದ್ದವನ ಅಂಗಡಿಯ ಕಾಗದ ಕಫೀಲ್‌ನ ಹೆಸರಿನಲ್ಲಿ, ದುಡ್ಡು ಮಾತ್ರ ಇವನದ್ದು. ಇಪ್ಪತ್ತು ವರ್ಷ ಕಟ್ಟಿ ಬೆಳೆಸಿದ ವ್ಯಾಪಾರಕ್ಕೆ ಕೊನೆಯಲ್ಲಿ ಸಿಕ್ಕಿದ್ದು ಕಫೀಲ್ ಮನಸ್ಸು ಮಾಡಿ ಕೊಟ್ಟಷ್ಟು. ಕೊಡದಿದ್ದರೆ ಕೇಳಲು ದಾರಿ ಇಲ್ಲ, ಏಕೆಂದರೆ ಆ ವ್ಯಾಪಾರವೇ ಕಾನೂನಿನ ಹೊರಗಿತ್ತು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಫ್ರೀ ವೀಸಾ ಕೊಂಡವನಿಗೆ ಶಿಕ್ಷೆಯಾಯಿತು. ಅವನು ಜೈಲು ಕಂಡ, ದಂಡ ಕಟ್ಟಿದ, ಮತ್ತೆ ಬಾರದಂತೆ ಬೆರಳಚ್ಚು ಕೊಟ್ಟು ಬಂದ. ಮಾರಿದವರಲ್ಲಿ ಎಷ್ಟು ಮಂದಿ ಕೋರ್ಟು ಕಂಡರು? ಬಿಗಿ ಕಾನೂನಿನ ಬಲೆಗೆ ಸಣ್ಣ ಮೀನು ಮಾತ್ರ ಬೀಳುತ್ತದೆ ಎಂಬುದನ್ನು ಕಡಲ ಕರೆಯವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದರ ಮೇಲೆ ಒಂದೊಂದೇ ಬಾಗಿಲು ಮುಚ್ಚುತ್ತಾ ಬಂತು. 2016ರ ಜೂನಿನಲ್ಲಿ, ರಮಝಾನಿನ ಆರಂಭಕ್ಕೆ, ಮೊಬೈಲ್ ಅಂಗಡಿಗಳಲ್ಲಿ ಅರ್ಧದಷ್ಟು ಸೌದಿಗಳಿರಬೇಕು ಎಂದಾಯಿತು. ಸೆಪ್ಟೆಂಬರಿಗೆ ಪೂರ್ತಿ ಸೌದಿಗಳೇ ಇರಬೇಕು ಎಂದಾಯಿತು. 2018ರ ಸೆಪ್ಟೆಂಬರಿನಿಂದ 2019ರ ಜನವರಿಯೊಳಗೆ ಬಟ್ಟೆ, ಪೀಠೋಪಕರಣ, ವಾಚು, ಕನ್ನಡಕ, ವಾಹನದ ಬಿಡಿಭಾಗ, ಸಿಹಿತಿಂಡಿ ಹೀಗೆ 12 ಬಗೆಯ ಅಂಗಡಿಗಳಿಗೆ ಈ ಸೌದೀಕರಣ ಬಂತು. ನಮ್ಮ ಹುಡುಗರು ಹೆಚ್ಚಾಗಿ ಇದ್ದದ್ದು ಇಂತಹ ಕೌಂಟರುಗಳ ಹಿಂದೆಯೇ.

ತಲೆಗೆ 400 ರಿಯಾಲ್

ಸಂಸಾರ ಕರೆದುಕೊಂಡು ಹೋದವರಿಗೆ ಹೆಚ್ಚು ಪೆಟ್ಟು ಕೊಟ್ಟದ್ದು 2017ರ ಜುಲೈ 1ರಿಂದ ಬಂದ ಕುಟುಂಬ ತೆರಿಗೆ. ಹೆಂಡತಿ, ಮಕ್ಕಳು, ಜೊತೆಗಿರುವ ತಂದೆ ತಾಯಿ ಹೀಗೆ ಅವಲಂಬಿತರಾದ ಪ್ರತಿಯೊಬ್ಬರಿಗೂ ತಿಂಗಳಿಗೆ 100 ರಿಯಾಲ್. ಮರುವರ್ಷ 200, ಅದರ ಮರುವರ್ಷ 300, 2020ರ ಜುಲೈಗೆ 400. ಆಗ ಇಖಾಮ ನವೀಕರಿಸುವಾಗ ಇಡೀ ವರ್ಷದ್ದನ್ನು ಒಟ್ಟಿಗೆ ಮುಂಗಡ ಕಟ್ಟಬೇಕಿತ್ತು.

ಲೆಕ್ಕ ಹಾಕಿ ನೋಡಿ. ಹೆಂಡತಿ ಮತ್ತು ಮೂವರು ಮಕ್ಕಳಿರುವ ಮನೆ. ನಾಲ್ಕು ತಲೆಗೆ ತಿಂಗಳಿಗೆ 1,600 ರಿಯಾಲ್, ವರ್ಷಕ್ಕೆ 19,200. ಆಗಿನ ದರದಲ್ಲಿ ಸುಮಾರು 3.8 ಲಕ್ಷ ರೂಪಾಯಿ. ತಿಂಗಳಿಗೆ 4,000 ರಿಯಾಲ್ ದುಡಿಯುವವನಿಗೆ ಇದು ಸುಮಾರು ಐದು ತಿಂಗಳ ಸಂಬಳ. ಮನೆ ಬಾಡಿಗೆ, ಶಾಲೆಯ ಫೀಸು, ಊರಿಗೆ ಕಳುಹಿಸುವುದು ಇವೆಲ್ಲ ಉಳಿದ ಏಳು ತಿಂಗಳ ಸಂಬಳದಲ್ಲಿ ಆಗಬೇಕು. ಹೇಗೆ ಆಗುತ್ತದೆ ಮಾರಾಯ್ರೆ?

ಇದರ ಜೊತೆಗೆ ಕಂಪೆನಿಯ ಮೇಲೆ ಹೇರಿದ ಶುಲ್ಕ ಬೇರೆ ಉಂಟು. ಸೌದಿಗಳಿಗಿಂತ ವಿದೇಶಿಗಳೇ ಹೆಚ್ಚಿರುವ ಸಂಸ್ಥೆ ಪ್ರತಿ ವಿದೇಶಿ ಕಾರ್ಮಿಕನಿಗೆ ತಿಂಗಳಿಗೆ 2018ರಲ್ಲಿ 400, 2019ರಲ್ಲಿ 600, 2020ರಲ್ಲಿ 800 ರಿಯಾಲ್ ಕಟ್ಟಬೇಕಾಯಿತು. ಕಾನೂನಿನ ಪ್ರಕಾರ ಕಟ್ಟಬೇಕಾದವನು ಧಣಿ. ಸಣ್ಣ ಅಂಗಡಿಗಳಲ್ಲಿ, ಫ್ರೀ ವೀಸಾದಲ್ಲಿ, ಅದು ಇಳಿದು ಬಂದದ್ದು ಕಾರ್ಮಿಕನ ಕಿಸೆಗೆ. 800ರಂತೆ ವರ್ಷಕ್ಕೆ 9,600 ರಿಯಾಲ್.

ಹೀಗೆ 2017, 2018ರಲ್ಲಿ ಸಂಸಾರಗಳು ಹಿಂದೆ ಬಂದವು. ಗಂಡಸರು ಅಲ್ಲಿ ಬ್ಯಾಚುಲರ್ ರೂಮಿಗೆ ಹೋದರು, ಹೆಂಡತಿ ಮಕ್ಕಳು ಇಲ್ಲಿ ತವರಿಗೋ ಅತ್ತೆಯ ಮನೆಗೋ ಬಂದರು. ಶಾಲೆಯ ವರ್ಷದ ಮಧ್ಯದಲ್ಲಿ ಟಿ.ಸಿ. ಹಿಡಿದು ಬಂದ ಮಕ್ಕಳನ್ನು ನಮ್ಮ ಮದರಸದಲ್ಲೂ ಸೇರಿಸಿಕೊಂಡಿದ್ದೇವೆ. ಖುರ್‌ಆನ್ ಓದುವುದರಲ್ಲಿ ಊರಿನ ಮಕ್ಕಳಿಗಿಂತ ಮುಂದೆ ಇದ್ದರು, ಉಚ್ಚಾರ ಚಂದ. ಇಂಗ್ಲಿಷ್, ಹಿಂದಿ ಮಾತಾಡುತ್ತಿದ್ದರು. ಕನ್ನಡದ ಅಕ್ಷರ ಗೊತ್ತಿರಲಿಲ್ಲ. ಆರನೇ ಕ್ಲಾಸಿಗೆ ಬಂದ ಹುಡುಗ ಬಸ್ಸಿನ ಬೋರ್ಡು ಓದಲಾಗದೆ ನಿಂತದ್ದುಂಟು. ಶಾಲೆಯಲ್ಲಿ ಕನ್ನಡ ಪಾಠಕ್ಕೆ ಅವನನ್ನು ಎರಡನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸಿದರೆ ಅವನಿಗೆ ನಾಚಿಕೆ. ಮನೆಯಲ್ಲಿ ಹೇಳಿಕೊಡಲು ಉಪ್ಪ ಇಲ್ಲ, ಉಮ್ಮನಿಗೂ ಊರು ಮರೆತು ಹೋಗಿರುತ್ತದೆ. ಅಂತಹ ಕೆಲವು ಮಕ್ಕಳು ಎರಡು ಮೂರು ವರ್ಷದಲ್ಲಿ ಸರಿಯಾದರು. ಕೆಲವರು ಎಸ್ಸೆಸೆಲ್ಸಿಯಲ್ಲಿ ಕನ್ನಡದಲ್ಲೇ ಬಿದ್ದರು, ಮತ್ತೆ ಓದಲಿಲ್ಲ. ಇಖಾಮದ ತೆರಿಗೆಯ ಲೆಕ್ಕದಲ್ಲಿ ಈ ಮಕ್ಕಳು ಎಲ್ಲಿಯೂ ಬರುವುದಿಲ್ಲ.

ಗಂಡ ಹೆಂಡತಿಯ ನಡುವಿನ ವಿಷಯ ಪೇಪರಿನಲ್ಲಿ ಬರೆಯುವುದು ಹೇಗೆ? ಇಷ್ಟು ಮಾತ್ರ ಹೇಳಬಹುದು. ರಜೆಗೆ ಬರಲು ರೀ ಎಂಟ್ರಿಗೆ ಎರಡು ತಿಂಗಳಿಗೆ 200 ರಿಯಾಲ್, ಅದರ ಮೇಲೆ ತಿಂಗಳಿಗೆ 100, ಟಿಕೆಟು, ಮನೆಗೆ ತರುವ ಸಾಮಾನು. ಎಲ್ಲ ಲೆಕ್ಕ ಹಾಕಿ ಎರಡು ವರ್ಷಕ್ಕೊಮ್ಮೆ ಬರುವುದನ್ನು ಮೂರು ವರ್ಷಕ್ಕೊಮ್ಮೆ ಮಾಡಿದವರಿದ್ದಾರೆ. ಇಪ್ಪತ್ತೈದು ವರ್ಷದ ದಾಂಪತ್ಯದಲ್ಲಿ ಒಟ್ಟಿಗೆ ಇದ್ದ ದಿನಗಳನ್ನು ಕೂಡಿಸಿದರೆ ಮೂರು ವರ್ಷ ಆಗುವುದಿಲ್ಲ. ಮಗಳ ನಿಖಾಹ್‌ಗೆ ವಲಿಯಾಗಿ ಕುಳಿತುಕೊಳ್ಳಬೇಕಾದ ಉಪ್ಪ, ರಜೆ ಸಿಗದೆ ಅಲ್ಲಿಂದಲೇ ವಕಾಲತ್ ಕೊಟ್ಟು, ಮದುವೆಯನ್ನು ಮೊಬೈಲಿನಲ್ಲಿ ನೋಡಿದ್ದುಂಟು.

ಆ ದೇಶಕ್ಕೆ ಸಿಕ್ಕಿದ್ದೇನು?

ಇಷ್ಟೆಲ್ಲ ಆಗಿ ಸೌದಿಯ ಯುವಕರಿಗೆ ಕೆಲಸ ಸಿಕ್ಕಿದ್ದರೆ ಒಂದು ಸಮಾಧಾನ ಇರುತ್ತಿತ್ತು. 2017ರಿಂದ 2018ರ ಕೊನೆಯೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ವಿದೇಶಿ ಕಾರ್ಮಿಕರು ಆ ದೇಶದ ಕೆಲಸಗಳಿಂದ ಹೊರಬಿದ್ದರು. ಅದೇ 2018ರಲ್ಲಿ ಸೌದಿಗಳ ನಿರುದ್ಯೋಗದ ಪ್ರಮಾಣ ಶೇ. 12.9ಕ್ಕೆ ಏರಿತು. ಇಳಿಯಬೇಕಾದದ್ದು ಏರಿತು.

ಕಾರಣ ಕಷ್ಟದ್ದಲ್ಲ, ಯಾವ ಅಂಗಡಿಯವನಿಗೂ ಅರ್ಥವಾಗುತ್ತದೆ. ಊರು ಬಿಟ್ಟು ಹೋದ ಸಂಸಾರ ಕೆಲಸಗಾರ ಮಾತ್ರ ಆಗಿರಲಿಲ್ಲ, ಗಿರಾಕಿಯೂ ಆಗಿತ್ತು. ಅವರು ಇದ್ದ ಫ್ಲ್ಯಾಟು ಖಾಲಿಯಾಯಿತು, ಬಾಡಿಗೆ ಇಳಿಯಿತು, ನಷ್ಟ ಸೌದಿಯ ಮನೆ ಧಣಿಗೆ. ಅವರು ಹೋಗುತ್ತಿದ್ದ ಬಕಾಲ, ಬಟ್ಟೆ ಅಂಗಡಿ, ಹೋಟೆಲು, ಶಾಲೆಯ ವ್ಯಾನು ಎಲ್ಲದರ ವ್ಯಾಪಾರ ಬಿತ್ತು. ಅಂಗಡಿ ಮುಚ್ಚಿದರೆ ಅಲ್ಲಿ ವಿದೇಶಿಗೂ ಕೆಲಸ ಇಲ್ಲ, ಸ್ವದೇಶಿಗೂ ಇಲ್ಲ. ಕಡಿಮೆ ಸಂಬಳಕ್ಕೆ ಹದಿನಾಲ್ಕು ಗಂಟೆ ನಿಂತು ಮಾಡುವ ಕೆಲಸಕ್ಕೆ ಅಲ್ಲಿಯ ಹುಡುಗರು ಬರಲೂ ಇಲ್ಲ.

ಇದನ್ನು ಅಲ್ಲಿಯ ಸರಕಾರವೇ ಕಂಡುಕೊಂಡಿತು ಎನ್ನಬೇಕು. 2019ರ ಅಕ್ಟೋಬರಿನಿಂದ ಕೈಗಾರಿಕೆಗಳ ವಿದೇಶಿ ಕಾರ್ಮಿಕರ ಶುಲ್ಕವನ್ನು ಐದು ವರ್ಷಗಳಿಗೆ ಸರಕಾರವೇ ಭರಿಸುವುದೆಂದು ತೀರ್ಮಾನವಾಯಿತು. ಕಾರ್ಖಾನೆಗಳು ಉಳಿಯಬೇಕಾದರೆ ಬೇರೆ ದಾರಿ ಇರಲಿಲ್ಲ. ಸೌದಿಗಳ ನಿರುದ್ಯೋಗ 2024ರ ಕೊನೆಗೆ ಶೇ. 7ಕ್ಕೆ ಇಳಿದದ್ದು ನಿಜ. ಆದರೆ ಆ ವೇಳೆಗೆ ಹೊಸ ಯೋಜನೆಗಳು ಬಂದಿದ್ದವು, ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಇಳಿದಿದ್ದರು. ವಿದೇಶಿಗಳೇನೂ ಕಡಿಮೆಯಾಗಿರಲಿಲ್ಲ. 2022ರ ಜನಗಣತಿಯಲ್ಲಿ ಆ ದೇಶದ 3.22 ಕೋಟಿ ಜನರಲ್ಲಿ 1.34 ಕೋಟಿ ಮಂದಿ ವಿದೇಶಿಗಳು. ವ್ಯಾಪಾರ ಬೆಳೆದಾಗ ಇಬ್ಬರಿಗೂ ಕೆಲಸ ಸಿಕ್ಕಿತು, ಕುಗ್ಗಿದಾಗ ಇಬ್ಬರಿಗೂ ಹೋಯಿತು.

ಪಕ್ಕದ ಯುಎಇಯಲ್ಲಿ ಇದಕ್ಕೆ ಉಲ್ಟಾ ಪ್ರಯೋಗ ನಡೆದಿತ್ತು. 2011ರ ಜನವರಿಯಿಂದ, ಕರಾರು ಮುಗಿದ ಕಾರ್ಮಿಕ ಹಳೆಯ ಧಣಿಯ ಎನ್‌ಓಸಿ ಇಲ್ಲದೆ ಬೇರೆ ಕಡೆ ಸೇರಬಹುದು ಎಂದಾಯಿತು. ಎಲ್ಲರೂ ಓಡಿ ಹೋಗುತ್ತಾರೆ ಎಂದು ಧಣಿಗಳು ಹೆದರಿದ್ದರು. ಸುರೇಶ್ ನಾಯ್ಡು ಮತ್ತು ಇಬ್ಬರು ಅರ್ಥಶಾಸ್ತ್ರಜ್ಞರು ಸೇರಿ ಸಂಬಳದ ದಾಖಲೆಗಳನ್ನು ಪರಿಶೀಲಿಸಿದಾಗ ಕಂಡದ್ದು ಬೇರೆ. ಅಲ್ಲಿದ್ದ ಕಾರ್ಮಿಕರ ಗಳಿಕೆ ಶೇ. 10ಕ್ಕೂ ಹೆಚ್ಚು ಏರಿತು, ಹಳೆಯ ಕಂಪೆನಿಯಲ್ಲೇ ಉಳಿದವರ ಪ್ರಮಾಣವೂ ಏರಿತು. ಹೋಗಬಹುದು ಎಂದಾದಾಗ ಧಣಿ ಸಂಬಳ ಏರಿಸಿದ, ಆಳು ನಿಂತ. ಕತರ್ 2018ರಲ್ಲಿ ಹೆಚ್ಚಿನ ಕಾರ್ಮಿಕರಿಗೆ ಎಕ್ಸಿಟ್ ಪರ್ಮಿಟ್ ತೆಗೆಯಿತು, 2020ರಲ್ಲಿ ಎನ್‌ಓಸಿಯನ್ನೂ ತೆಗೆಯಿತು. ಸೌದಿಯೂ 2021ರ ಮಾರ್ಚ್ 14ರಿಂದ ಕೆಲಸ ಬದಲಿಸುವುದನ್ನು, ರೀ ಎಂಟ್ರಿ ಪಡೆಯುವುದನ್ನು ಸಡಿಲ ಮಾಡಿತು. ಒಳ್ಳೆಯದಾಯಿತು. ಆದರೆ ಹೌಸ್ ಡ್ರೈವರ್, ಮನೆಗೆಲಸದವರು, ತೋಟದವರು, ಕುರಿ ಕಾಯುವವರು ಆ ಸುಧಾರಣೆಯ ಹೊರಗೇ ಉಳಿದರು. ನಮ್ಮ ಊರುಗಳಿಂದ ಹೌಸ್ ಡ್ರೈವರ್ ವೀಸಾದಲ್ಲಿ ಹೋದವರು ಎಷ್ಟು ಮಂದಿ ಎಂದು ನೀವೇ ಎಣಿಸಿ.

ನಮ್ಮ ದೇಶಕ್ಕೂ ನಷ್ಟ ಕಡಿಮೆಯಲ್ಲ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಪ್ರಕಾರ ಭಾರತಕ್ಕೆ ಹೊರದೇಶಗಳಿಂದ ಬರುವ ಹಣದಲ್ಲಿ ಸೌದಿಯ ಪಾಲು 2016–17ರಲ್ಲಿ ಶೇ. 11.6 ಇದ್ದದ್ದು 2020–21ಕ್ಕೆ ಶೇ. 5.1ಕ್ಕೆ ಇಳಿಯಿತು. ಅದರಲ್ಲಿ ಕೊರೋನದ ಪಾಲೂ ಉಂಟು, ನಿಜ. ಆದರೆ ಕೊರೋನ ಬರುವ ಮೊದಲೇ ನಮ್ಮ ಪೇಟೆಗಳ ಚಿನ್ನದಂಗಡಿ, ಸಿಮೆಂಟಂಗಡಿಗಳಿಗೆ ಇದು ಗೊತ್ತಾಗಿತ್ತು.

ನಮ್ಮ ಕಡೆಯ ಗೇಟು

ಗೇಟು ಅಲ್ಲಿ ಮಾತ್ರ ಇರುವುದಲ್ಲ. 1983ರ ವಲಸೆ ಕಾಯ್ದೆಯಂತೆ, ಹತ್ತನೇ ಪಾಸಾಗದವನ ಪಾಸ್‌ಪೋರ್ಟು ‘ಇಸಿಆರ್’. ಅವನು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಕ್ಲಿಯರೆನ್ಸ್ ಬೇಕು. ಕಡಿಮೆ ಓದಿದವನು ಮೋಸ ಹೋಗಬಾರದು ಎಂಬುದೇ ಉದ್ದೇಶ, ಅದು ಒಳ್ಳೆಯ ಉದ್ದೇಶವೇ. ಆದರೆ ಕಾಗದಪತ್ರ ಕಷ್ಟವಾದಲ್ಲಿ ಏಜೆಂಟ್ ಸುಲಭದ ದಾರಿ ತೋರಿಸುತ್ತಾನೆ. “ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋಗಿ ಚೇಂಜ್ ಮಾಡುವ” ಎನ್ನುತ್ತಾನೆ. ಹಾಗೆ ಹೋದವನಿಗೆ ಕರಾರಿಲ್ಲ, ಇಸಿಆರ್ ದಾರಿಯಲ್ಲಿ ಹೋಗುವವರಿಗೆ ಕಡ್ಡಾಯವಾಗಿ ಸಿಗುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷದ ಅಪಘಾತ ವಿಮೆಯೂ ಇಲ್ಲ. ರಕ್ಷಣೆ ಯಾರಿಗಾಗಿ ಮಾಡಿದ್ದೋ ಅವನೇ ಅದರ ಹೊರಗೆ.

ಮನೆಗೆಲಸಕ್ಕೆ ಹೋಗುವ ಹೆಂಗಸರ ವಿಷಯವೂ ಹೀಗೆಯೇ. 30 ವರ್ಷ ತುಂಬದವರು ಇಸಿಆರ್ ದೇಶಗಳಿಗೆ ಆ ಕೆಲಸಕ್ಕೆ ಹೋಗುವಂತಿಲ್ಲ. ಮನೆಯ ಬಡತನ ವಯಸ್ಸು ನೋಡಿ ಬರುವುದಿಲ್ಲವಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ಯಾವ ಮನೆಯಲ್ಲಿದ್ದಾಳೆ ಎಂದೇ ಗೊತ್ತಾಗದೆ, ಇಲ್ಲಿ ತಾಯಿ ಪೊಲೀಸ್ ಠಾಣೆಗೂ ಎಂಎಲ್ಎ ಆಫೀಸಿಗೂ ಅಲೆಯುವ ಸುದ್ದಿ ಆಗಾಗ ಬರುತ್ತದೆ.

ಗಡಿ ಪೂರ್ತಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು 2021ರಲ್ಲಿ ಕಂಡೆವು. ರೋಗದ ಭಯ ಸುಳ್ಳಲ್ಲ. ಆದರೆ ಆ ವರ್ಷ ಫೆಬ್ರವರಿಯಿಂದ ನವೆಂಬರ್ ಕೊನೆಯ ತನಕ ಭಾರತದಿಂದ ಸೌದಿಗೆ ಹೆಚ್ಚಿನವರು ನೇರ ಹೋಗುವಂತಿರಲಿಲ್ಲ. ಮಾಲ್ದೀವ್ಸ್, ನೇಪಾಳ ಮುಂತಾದ ಕಡೆ 14 ದಿನ ಇದ್ದು ಹೋಗಬೇಕಿತ್ತು. ರಜೆಗೆ ಬಂದು ಸಿಕ್ಕಿಹಾಕಿಕೊಂಡವರು ಲಕ್ಷ ದಾಟಿದ ಪ್ಯಾಕೇಜುಗಳಿಗೆ ಸಾಲ ಮಾಡಿ ಹೋದರು. ಅರ್ಧ ದಾರಿಯಲ್ಲಿ ಆ ದೇಶವೂ ಬಾಗಿಲು ಹಾಕಿ, ಇದ್ದ ದುಡ್ಡೂ ಹೋದವರಿದ್ದಾರೆ. ಹೋಗಲಾಗದೆ ಉಳಿದು ಕೆಲಸ, ಅಲ್ಲಿಯ ಬಾಕಿ ಸಂಬಳ, ಸರ್ವೀಸ್ ಹಣ ಮೂರನ್ನೂ ಕಳಕೊಂಡವರೂ ಇದ್ದಾರೆ.

ಮಯ್ಯಿತ್‌ಗೂ ಕಾಗದ ಬೇಕು

ಉಮ್ಮ ತೀರಿಕೊಂಡ ಸುದ್ದಿ ಬಂದ ದಿನ ಹುರೂಬಿನಲ್ಲಿರುವವನು ಏನು ಮಾಡುತ್ತಾನೆ? ಹೊರಡಲು ಆಗುವುದಿಲ್ಲ. ನಮ್ಮ ಶಾಫಿಈ ಮದ್‌ಹಬಿನಲ್ಲಿ ದೂರದ ಊರಿನ ಮಯ್ಯಿತ್‌ಗೆ ಗಾಯಿಬ್ ನಮಾಝ್ ಮಾಡಲು ಅನುಮತಿ ಉಂಟು. ರೂಮಿನ ಗೆಳೆಯರು ಸಫ್ಫ್ ನಿಲ್ಲುತ್ತಾರೆ, ನಮಾಝ್ ಮುಗಿಸಿ ಅವನು ಡ್ಯೂಟಿಗೆ ಹೋಗುತ್ತಾನೆ.

ಅವನೇ ತೀರಿಕೊಂಡರೆ ಇನ್ನೂ ಕಷ್ಟ. ಪೊಲೀಸರ ವರದಿ, ಆಸ್ಪತ್ರೆಯ ಸರ್ಟಿಫಿಕೇಟು, ಕಫೀಲ್‌ನ ಕಾಗದ, ರಾಯಭಾರ ಕಚೇರಿಯ ಎನ್‌ಓಸಿ ಇಷ್ಟು ಆಗದೆ ಮಯ್ಯಿತ್ ಶವಾಗಾರದಿಂದ ಹೊರಗೆ ಬರುವುದಿಲ್ಲ. ಇಖಾಮ ಮುಗಿದಿದ್ದರೆ, ಹುರೂಬ್ ಇದ್ದರೆ ದಿನಗಳು ವಾರಗಳಾಗುತ್ತವೆ. ಕೆಸಿಎಫ್, ಡಿಕೆಎಸ್‌ಸಿ, ಕೆಎಂಸಿಸಿಯಂತಹ ಸಂಘಟನೆಗಳ ಕಾರ್ಯಕರ್ತರು ತಮ್ಮ ಡ್ಯೂಟಿ ಬಿಟ್ಟು ಈ ಕಾಗದಗಳಿಗೆ ಓಡಾಡುವುದನ್ನು ನಾವು ಎಷ್ಟು ನೆನೆದರೂ ಸಾಲದು. ಆದರೆ ಈ ಓಡಾಟ ಬೇಕಾಗಿ ಬಂದದ್ದೇ ಕಾನೂನು ಮನುಷ್ಯನಿಗಿಂತ ಕಾಗದವನ್ನು ಮೊದಲು ನೋಡುವುದರಿಂದ. ಕೊನೆಗೆ ಅಲ್ಲೇ ದಫನ್ ಮಾಡಲಿ ಎಂದು ಮನೆಯವರು ಒಪ್ಪಿಗೆ ಬರೆದು ಕಳುಹಿಸುತ್ತಾರೆ. ಇಲ್ಲಿ ಹೆಂಡತಿ ಇದ್ದಾ ಕೂರುತ್ತಾಳೆ, ಮುಖ ನೋಡದೆ.

ನಮ್ಮ ಊರಿನಲ್ಲೂ ಕಫೀಲ್‌ಗಳಿದ್ದಾರೆ

ಗಲ್ಫಿನ ಕಫೀಲ್‌ನನ್ನು ಬೈಯುವ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಗಲ್ಫಿನ ದುಡ್ಡಿನಲ್ಲಿ ಏಳುವ ನಮ್ಮ ಮನೆಗಳ ಗಾರೆ, ಟೈಲ್ಸ್ ಕೆಲಸಕ್ಕೆ ಬರುವವರು ಬಿಹಾರ, ಬಂಗಾಳ, ಅಸ್ಸಾಂ, ಒಡಿಶಾದ ಹುಡುಗರು. ಅವರಿಗೂ ಉಮ್ಮ ಇದ್ದಾಳೆ, ಊರಲ್ಲಿ ಸಾಲ ಉಂಟು. ಅವರ ಕೂಲಿ ಕಂಟ್ರಾಕ್ಟರನ ಕೈಗೆ ಹೋಗಿ ಅಲ್ಲಿಯೇ ಉಳಿಯುತ್ತದಾ, ಅವರು ಮಲಗುವ ಶೆಡ್ಡಿಗೆ ನೀರಿನ ವ್ಯವಸ್ಥೆ ಉಂಟಾ, ಆಧಾರ್ ಕಾರ್ಡು ಯಾರ ಕೈಯಲ್ಲಿ ಉಂಟು ಎಂದು ನಾವು ಕೇಳಿದ್ದೇವಾ? ಪೇಟೆಯಲ್ಲಿ ಅವರ ಭಾಷೆ ಕೇಳಿದ ಕೂಡಲೇ ಸಂಶಯದಿಂದ ನೋಡುವವರ ಜೊತೆ ನಾವೂ ಸೇರಿದರೆ, ರಿಯಾದಿನ ಬತ್‌ಹಾದಲ್ಲಿ ನಮ್ಮ ಮಕ್ಕಳನ್ನು ನಿಲ್ಲಿಸಿ ಇಖಾಮ ಕೇಳಿದ ಬಗ್ಗೆ ದೂರುವ ಬಾಯಿ ನಮಗೆ ಎಲ್ಲಿಂದ ಬರಬೇಕು?

ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ‘ಇಬ್ನುಸ್ಸಬೀಲ್’ ಅಂದರೆ ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕ. ‘ಗಾರಿಮ್’ ಅಂದರೆ ಸಾಲದಲ್ಲಿ ಮುಳುಗಿದವನು. ಈ ಪಾಠ ಹೇಳುವಾಗ ಮಕ್ಕಳು ಹಳೆ ಕಾಲದ ಒಂಟೆಯ ಪ್ರಯಾಣಿಕನನ್ನು ನೆನೆಯುತ್ತಾರೆ. ಇಖಾಮ ಮುಗಿದು, ದಂಡ ಕಟ್ಟಲಾಗದೆ, ಟಿಕೆಟಿಗೆ ದುಡ್ಡಿಲ್ಲದೆ ದಮ್ಮಾಮಿನ ರೂಮಿನಲ್ಲಿ ಕುಳಿತವನೂ, ಏಜೆಂಟನ ಸಾಲಕ್ಕೆ ಮನೆ ಅಡವಿಟ್ಟವನೂ ಈ ವರ್ಗಗಳಿಗೆ ಬರುತ್ತಾರಾ ಎಂದು ಪ್ರತಿ ಜಮಾಅತ್ ತನ್ನ ಉಲಮಾಗಳಲ್ಲಿ ಕೇಳಿ, ಹಾಗಿದ್ದರೆ ಅವರ ಹೆಸರನ್ನೂ ಈ ವರ್ಷದ ಪಟ್ಟಿಯಲ್ಲಿ ಸೇರಿಸಲಿ.

ಕೇರಳದಲ್ಲಿ 1996ರಿಂದಲೇ ಅನಿವಾಸಿಗಳಿಗಾಗಿ ‘ನೋರ್ಕ’ ಎಂಬ ಇಲಾಖೆ ಉಂಟು. 1998ರಿಂದ ವಲಸಿಗರ ಸಮೀಕ್ಷೆ ನಡೆಯುತ್ತಾ ಬಂದಿದೆ. ಎಷ್ಟು ಮಂದಿ ಹೋದರು, ಎಷ್ಟು ಮಂದಿ ಬಂದರು, ಬಂದವರು ಏನು ಮಾಡುತ್ತಿದ್ದಾರೆ ಎಂದು ಅವರಿಗೆ ಲೆಕ್ಕ ಸಿಗುತ್ತದೆ. ನಮ್ಮ ಕರಾವಳಿಗೂ ಅಂತಹ ಲೆಕ್ಕ ಬೇಕು. ಸರಕಾರ ಮಾಡುವ ತನಕ ಕಾಯಬೇಕಾಗಿಲ್ಲ. ಪ್ರತಿ ಜಮಾಅತಿನಲ್ಲಿ ಮದುವೆಯ ರಿಜಿಸ್ಟರ್ ಇರುವ ಹಾಗೆ, ಹೊರದೇಶದಲ್ಲಿರುವವರ ಹೆಸರು, ಕಂಪೆನಿ, ಇಖಾಮ ಮುಗಿಯುವ ದಿನ, ಅಲ್ಲಿಯ ಒಬ್ಬ ಗೆಳೆಯನ ನಂಬರು ಬರೆದಿಡುವ ಒಂದು ಪುಸ್ತಕ ಇಡಬಹುದು. ತೊಂದರೆ ಬಂದ ದಿನ ಎಲ್ಲಿಂದ ಶುರು ಮಾಡಬೇಕು ಎಂದು ಗೊತ್ತಿರುತ್ತದೆ. ಹಿಂದೆ ಬಂದ ಮಕ್ಕಳಿಗೆ ಮದರಸ ಬಿಟ್ಟ ಮೇಲೆ ಒಂದು ಗಂಟೆ ಕನ್ನಡ ಅಕ್ಷರ ಕಲಿಸಲು ಊರಿನ ಪದವಿ ಓದುವ ಹೆಣ್ಣು ಮಕ್ಕಳು ತಯಾರಿದ್ದಾರೆ, ಕೇಳುವವರು ಬೇಕು ಅಷ್ಟೆ.

ರಿಯಾದಿನಲ್ಲೋ ದಿಲ್ಲಿಯಲ್ಲೋ ಆಗುವ ಕಾನೂನನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ವೀಸಾ ತಂದುಕೊಟ್ಟು ದುಡ್ಡು ಎಣಿಸುವ ನೆಂಟನನ್ನು ಮದುವೆಯ ಮನೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುವುದೋ ಬೇಡವೋ ಎಂಬುದು ನಮ್ಮ ಕೈಯಲ್ಲೇ ಉಂಟು.

ಹೊರಡುವ ಮೊದಲು

• ಏಜೆಂಟ್ ಸರಕಾರದಲ್ಲಿ ನೋಂದಾಯಿತನೇ ಎಂದು ‘ಇ–ಮೈಗ್ರೇಟ್’ ಜಾಲತಾಣದಲ್ಲಿ ನೋಡಿ. ಅವನು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ರಶೀದಿ ಕೇಳಿ.

• ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ. ವೀಸಾದಲ್ಲಿ ಬರೆದ ಕೆಲಸವೂ ಏಜೆಂಟ್ ಹೇಳಿದ ಕೆಲಸವೂ ಒಂದೇ ಆಗಿದೆಯಾ ಎಂದು ಅರಬಿ ಓದಲು ಬರುವವರಲ್ಲಿ ಓದಿಸಿ. ಊರಿನ ಉಸ್ತಾದರು ಇದ್ದಾರಲ್ಲ, ಸಂಕೋಚ ಬೇಡ.

• ಕರಾರು, ಪಾಸ್‌ಪೋರ್ಟು, ಇಖಾಮದ ಪ್ರತಿ ಮನೆಯಲ್ಲೊಂದು ಇರಲಿ. ವಿಮೆಯ ಕಾಗದ ಹೆಂಡತಿಗೆ ಗೊತ್ತಿರಲಿ.

• ಸಂಬಳ ನಿಂತರೆ ಕಂಪೆನಿ ಬಿಟ್ಟು ಹೋಗುವ ಮೊದಲು ಲೇಬರ್ ಕಚೇರಿಯಲ್ಲಿ ದೂರು ಕೊಡಿ. ಮೊದಲು ಬಿಟ್ಟು ಹೋದರೆ ಹುರೂಬ್ ಬೀಳುವ ಅಪಾಯ ಉಂಟು.

• ಕಷ್ಟದಲ್ಲಿರುವವರ ನೆರವಿಗೆ ಭಾರತೀಯ ರಾಯಭಾರ ಕಚೇರಿಗಳಲ್ಲಿ 2009ರಿಂದ ‘ಭಾರತೀಯ ಸಮುದಾಯ ಕಲ್ಯಾಣ ನಿಧಿ’ ಉಂಟು. ದೂರು ದಾಖಲಿಸಲು ‘ಮದದ್’ ಪೋರ್ಟಲ್ ಉಂಟು. ಊರಿನಿಂದ ಮನೆಯವರೂ ದಾಖಲಿಸಬಹುದು.